ಸಹಾಯ ಮಾಡುತ್ತಿದ್ದರು

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಮುದ್ರಕರೆಲ್ಲ ಸೇರಿ ಒಂದು ಸ್ಮರಣ ಸಂಚಿಕೆ ತಂದರು. ಹೊಳೆಯುವ ಕಾಗದ, ನಾಲ್ಕು ಬಣ್ಣದ ರಕ್ಷಾಪುಟ, ಶಾಸಕರಿಂದ ಹಿಡಿದು ಕಾಗದದ ಅಂಗಡಿಯವರ ತನಕ ಎಲ್ಲರ ಶುಭಾಶಯ. ನಡುವಿನ ಪುಟಗಳಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಹಳೆಯ ಪ್ರೆಸ್ಸುಗಳ ಪರಿಚಯವಿತ್ತು. ಹನ್ನೊಂದು ಪ್ರೆಸ್ಸು, ಹನ್ನೊಂದು ಭಾವಚಿತ್ರ. ಆರನೆಯದು ನಮ್ಮ ಅಪ್ಪನದು.

ಅಪ್ಪನ ಫೋಟೋ ನೋಡಿ ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಕೆಳಗೆ ಎಂಟು ಸಾಲಿನ ಒಕ್ಕಣೆ. ಹಳ್ಳಿಯಿಂದ ಬಂದರು, ಕೈಯಲ್ಲಿ ಕಾಸಿಲ್ಲದಿದ್ದರೂ ಒಂದು ಟ್ರೆಡಲ್ ಮೆಷಿನ್ ಕೊಂಡರು, ‘ಏಕಾಂಗಿಯಾಗಿ’ ಪ್ರೆಸ್ಸನ್ನು ಕಟ್ಟಿ ಬೆಳೆಸಿದರು ಎಂದಿತ್ತು. ಆ ‘ಏಕಾಂಗಿ’ ಅನ್ನುವ ಮಾತಿನ ಹತ್ತಿರ ನನ್ನ ಕಣ್ಣು ನಿಂತಿತು. ಅಪ್ಪ ಮೆಷಿನ್ ತುಳಿಯುತ್ತಿದ್ದದ್ದು ನಿಜ. ಆರ್ಡರು ಹಿಡಿಯಲು ಸೈಕಲ್ಲಿನಲ್ಲಿ ಊರೂರು ಸುತ್ತಿದ್ದೂ ನಿಜ. ಆದರೆ ಅವರು ತುಳಿದ ಮೆಷಿನ್ನಿನೊಳಗೆ ಕೂತಿದ್ದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿದ್ದು ಯಾರು?

ಅಮ್ಮ ಮದುವೆಯಾಗಿ ಬಂದಾಗ ಪ್ರೆಸ್ಸು ಮನೆಯ ಮುಂದಿನ ಪಡಸಾಲೆಯಲ್ಲಿಯೇ ಇತ್ತು. ಇದ್ದ ಒಬ್ಬ ಕಂಪೋಸಿಟರು ಯುಗಾದಿಗೆಂದು ಊರಿಗೆ ಹೋದವನು ವಾಪಸ್ಸು ಬರಲಿಲ್ಲ. ಮುಂದೆ ವೈಶಾಖ, ಲಗ್ನದ ಕಾಲ. ಒಪ್ಪಿಕೊಂಡ ಲಗ್ನಪತ್ರಿಕೆಗಳು ಬುಟ್ಟಿಗಟ್ಟಲೆ ಇದ್ದವು. ಹೈಸ್ಕೂಲು ಓದಿದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ಕೇಸಿನ ಮುಂದೆ ನಿಂತಳು. ನಿಂತವಳು ಇಪ್ಪತ್ತೆರಡು ವರ್ಷ ಅಲ್ಲಿಯೇ ನಿಂತಿದ್ದಳು.

ಕನ್ನಡದ ಮೊಳೆ ಜೋಡಿಸುವುದು ಇಂಗ್ಲಿಷಿನ ಹಾಗೆ ಇಪ್ಪತ್ತಾರು ಅಕ್ಷರದ ಲೆಕ್ಕವಲ್ಲ. ಕಾಗುಣಿತ, ಒತ್ತಕ್ಷರ, ಅರ್ಕಾವತ್ತು ಇವಕ್ಕೆಲ್ಲ ಬೇರೆ ಬೇರೆ ಮನೆಗಳು. ಅಷ್ಟೂ ಮನೆಗಳು ಎಲ್ಲೆಲ್ಲಿವೆ ಎನ್ನುವುದು ಬೆರಳಿಗೆ ಗೊತ್ತಿರಬೇಕು, ಕಣ್ಣು ಹುಡುಕುತ್ತಾ ಕೂತರೆ ದಿನಕ್ಕೆ ಒಂದು ಪುಟವೂ ಏಳುವುದಿಲ್ಲ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿರುತ್ತದೆ, ಅದನ್ನು ಹಾಗೆಯೇ ಓದಿ ತಪ್ಪು ಹಿಡಿಯಬೇಕು. ಲಗ್ನದ ಕಾಲದಲ್ಲಿ ‘ಶ್ರೀ’ ಮತ್ತು ‘ಸೌ’ ಮೊಳೆಗಳು ಮುಗಿದುಹೋಗುತ್ತಿದ್ದವು. ಒಂದು ಪತ್ರಿಕೆ ಅಚ್ಚಾಗಿ ಇಳಿಯುವುದನ್ನೇ ಕಾದು, ಸೀಮೆಎಣ್ಣೆಯಲ್ಲಿ ಮೊಳೆ ತೊಳೆದು, ಮತ್ತೆ ಅವುಗಳ ಮನೆಗೆ ಹಂಚಿ, ಇನ್ನೊಂದು ಪತ್ರಿಕೆಗೆ ಕೈ ಹಾಕಬೇಕಾಗಿತ್ತು. ಈ ಹಂಚುವ ಕೆಲಸಕ್ಕೆ ನಮ್ಮನ್ನೂ ಕೂರಿಸುತ್ತಿದ್ದಳು. ನಾನು ಅಕ್ಷರ ಕಲಿತದ್ದು ಹಾಗೆ, ತಿರುಗುಮುರುಗಾಗಿ. ನಡುವೆ ಒಳಗೆ ಹೋಗಿ ಅನ್ನಕ್ಕೆ ಇಟ್ಟು ಬರುತ್ತಿದ್ದಳು. ಸೀಸ ಮುಟ್ಟಿದ ಕೈಯನ್ನು ಹುಣಿಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಇಷ್ಟು ಬರೆಯುವಷ್ಟರಲ್ಲಿ ಒಂದು ವಿಷಯ ಗಮನಕ್ಕೆ ಬಂತು, ಹೇಳಿಬಿಡುತ್ತೇನೆ. ಅಪ್ಪ ‘ಕೊಂಡರು, ತುಳಿದರು’, ಅಮ್ಮ ‘ನಿಂತಳು, ತೊಳೆದಳು’. ಅಮ್ಮನನ್ನು ಏಕವಚನದಲ್ಲಿ ಕರೆಯುವುದು ಸಲಿಗೆ, ಪ್ರೀತಿ ಎಂದು ಸಮಾಧಾನ ಹೇಳಿಕೊಳ್ಳಬಹುದು. ಹೇಳಿಕೊಳ್ಳುತ್ತಲೂ ಇದ್ದೇನೆ. ಆದರೂ ನನ್ನ ಕೈ ತಾನಾಗಿ ಹಾಗೆ ಬರೆಯುತ್ತದೆಯಾದರೆ ಬೇರೆಯವರನ್ನು ಬೈಯುವ ಮುನ್ನ ಸ್ವಲ್ಪ ಯೋಚಿಸಬೇಕು. ಯೋಚಿಸಿಯೂ ಬೈಯುತ್ತೇನೆ.

ಸಂಚಿಕೆಯ ಸಮಿತಿಯ ಹಿರಿಯರೊಬ್ಬರಿಗೆ ಫೋನು ಮಾಡಿದೆ. ಒಳ್ಳೆಯವರು, ಅಪ್ಪನ ಸ್ನೇಹಿತರು, ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದವರು. “ಅಮ್ಮನ ಹೆಸರು ಎಲ್ಲೂ ಇಲ್ಲವಲ್ಲ, ಮಾಮ?” ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಅಯ್ಯೋ, ನಿಮ್ಮ ತಾಯಿಯವರು ಪಾಪ, ತುಂಬಾ ಸಹಾಯ ಮಾಡ್ತಿದ್ರು. ಅದನ್ನ ಬರೆಯೋದೇನಿದೆಯಮ್ಮ, ಎಲ್ಲಾರಿಗೂ ಗೊತ್ತಿರೋದೇ” ಎಂದರು.

ಸಹಾಯ. ನನ್ನ ಜಗಳವೆಲ್ಲ ಈ ಒಂದು ಮಾತಿನೊಂದಿಗೆ. ಕಂಪೋಸಿಟರು ಯುಗಾದಿಗೆ ಹೋಗುವ ತನಕ ಅದು ಕೆಲಸವಾಗಿತ್ತು, ಅದಕ್ಕೆ ತಿಂಗಳ ಸಂಬಳವಿತ್ತು, ‘ಕಂಪೋಸಿಟರು’ ಎಂಬ ಹೆಸರಿತ್ತು. ಅಮ್ಮ ಅದೇ ಜಾಗದಲ್ಲಿ ನಿಂತ ಕೂಡಲೇ ಅದೇ ಕೆಲಸ ಸಹಾಯವಾಯಿತು. ಮೊಳೆ ಬದಲಾಗಲಿಲ್ಲ, ಕೇಸು ಬದಲಾಗಲಿಲ್ಲ. ಸಂಬಳ ಮಾತ್ರ ನಿಂತಿತು.

ಈ ಸಿಟ್ಟಿನಲ್ಲಿಯೇ ನಾನು ಮುದ್ರಣದ ಚರಿತ್ರೆ ಓದಲು ಶುರುಮಾಡಿದ್ದು. ನಮ್ಮ ಊರಿನ ಸಂಚಿಕೆಯ ಮಾತು ಬಿಡಿ, ಯೂರೋಪಿನಲ್ಲಾದರೂ ಈ ಲೆಕ್ಕ ಸರಿಯಾಗಿ ಬರೆದಿದ್ದಾರೆಯೇ ನೋಡೋಣ ಎಂದುಕೊಂಡೆ. ಶಾಲೆಯಲ್ಲಿ ನಾವೆಲ್ಲ ಓದಿದ್ದು ಒಂದೇ ಹೆಸರು, ಗುಟೆನ್‌ಬರ್ಗ್. ಸ್ವಲ್ಪ ಮುಂದೆ ಹೋದರೆ ಅವನಿಗೆ ಸಾಲ ಕೊಟ್ಟ ಫುಸ್ಟ್, ಆಮೇಲೆ ಆ ಕೆಲಸವನ್ನು ಮುಂದುವರಿಸಿದ ಪೀಟರ್ ಶೋಫರ್. ಆ ಕಥೆಯಲ್ಲಿ ಒಬ್ಬಳು ಹೆಣ್ಣು ಬರುತ್ತಾಳೆ, ಫುಸ್ಟನ ಮಗಳು ಕ್ರಿಸ್ಟೀನಾ. ಅವಳನ್ನು ಶೋಫರನಿಗೆ ಮದುವೆ ಮಾಡಿಕೊಟ್ಟರು ಎಂಬಲ್ಲಿಗೆ ಅವಳ ಪಾತ್ರ ಮುಗಿಯುತ್ತದೆ. ಮೆಷಿನ್ನು ಯಾರಿಂದ ಯಾರಿಗೆ ಹೋಯಿತು ಎಂದು ತಿಳಿಸಲು ಬೇಕಾದ ಒಂದು ಗಂಟು, ಅಷ್ಟೇ.

ಆದರೆ ಹುಡುಕುತ್ತಾ ಹೋದಾಗ ಇಟಲಿಯ ಮಾಂಟುವಾ ಎಂಬ ಊರಿನ ಒಬ್ಬಾಕೆ ಸಿಕ್ಕಳು. ಹೆಸರು ಎಸ್ತೆಲ್ಲಿನಾ, ಯೆಹೂದಿ ಹೆಂಗಸು. ಗಂಡ ಅಬ್ರಹಾಂ ಕೊನಾತ್ ಹೀಬ್ರೂ ಪುಸ್ತಕಗಳ ಮುದ್ರಕ. 1476ರ ಆಸುಪಾಸಿನಲ್ಲಿ, ಅಂದರೆ ಗುಟೆನ್‌ಬರ್ಗನ ಬೈಬಲ್ ಹೊರಬಂದು ಇನ್ನೂ ಕಾಲು ಶತಮಾನವೂ ಆಗದಿದ್ದಾಗ, ಆಕೆ ‘ಬೆಹಿನಾತ್ ಓಲಾಮ್’ ಎಂಬ ಹೀಬ್ರೂ ಪುಸ್ತಕವನ್ನು ಅಚ್ಚು ಮಾಡಿ ಕೊನೆಯಲ್ಲಿ ತನ್ನ ಹೆಸರು ಹಾಕಿಕೊಂಡಿದ್ದಾಳೆ. ತಾನು ಅಬ್ರಹಾಮನ ಹೆಂಡತಿ ಎಂದು ಹೇಳಿ, ಈ ಪುಸ್ತಕವನ್ನು ತಾನು ‘ಬರೆದೆ’ ಎನ್ನುತ್ತಾಳೆ. ಮುದ್ರಿಸುವುದು ಎಂಬುದಕ್ಕೆ ಹೀಬ್ರೂವಿನಲ್ಲಿ ಆಗಿನ್ನೂ ಮಾತು ನೆಲೆಗೊಂಡಿರಲಿಲ್ಲ, ಕೆಲಸ ಅಷ್ಟು ಹೊಸದು. ಹೆಸರೇ ಇಲ್ಲದ ಕೆಲಸವನ್ನು ಒಬ್ಬಳು ಹೆಂಗಸು ಮಾಡಿ ಮುಗಿಸಿದ್ದಳು.

ಆ ಬರಹದಲ್ಲಿ ಇನ್ನೊಂದು ಮಾತಿದೆ. ಅದನ್ನು ಓದಿದ ದಿನ ನಾನು ಎದ್ದು ಕಾಫಿ ಮಾಡಿಕೊಂಡು ಬಂದು ಮತ್ತೊಮ್ಮೆ ಓದಿದೆ. ಯಾಕೋಬ್ ಲೇವಿ ಎಂಬ ತರುಣ ತನಗೆ ನೆರವಾದ ಎಂದು ಎಸ್ತೆಲ್ಲಿನಾ ಹೇಳುತ್ತಾಳೆ. ನೋಡಿ, ತನ್ನ ಹೆಸರು ತಾನೇ ಅಚ್ಚು ಹಾಕಿಕೊಂಡ ಮೊಟ್ಟಮೊದಲ ಮುದ್ರಕಿಯ ದಾಖಲೆಯಲ್ಲಿ ಕೆಲಸ ಮಾಡಿದವಳು ಹೆಂಗಸು, ಸಹಾಯ ಮಾಡಿದವನು ಗಂಡಸು! ಐದೂವರೆ ಶತಮಾನದಿಂದ ಈ ಮಾತು ಅಚ್ಚಿನಲ್ಲಿಯೇ ಇದೆ. ಮುದ್ರಣದ ಕಥೆ ಹೇಳುವವರಲ್ಲಿ ಎಷ್ಟು ಜನ ಇದರಿಂದ ಶುರುಮಾಡಿದ್ದಾರೆ ಹೇಳಿ?

‘ದಾಖಲೆ ಇಲ್ಲಮ್ಮ, ಏನು ಮಾಡೋಣ’ ಎಂಬ ಮಾತನ್ನು ನಾವು ಹೆಂಗಸರು ಎಷ್ಟು ಸಲ ಕೇಳಿಲ್ಲ. ದಾಖಲೆ ಬೇಕಾದಷ್ಟಿದೆ. ಫ್ಲಾರೆನ್ಸಿನಲ್ಲಿ ಸಾನ್ ಯಾಕೊಪೊ ದಿ ರಿಪೋಲಿ ಎಂಬ ಡೊಮಿನಿಕನ್ ಪಂಥದ ಕನ್ಯಾಮಠವಿತ್ತು. 1476ರಿಂದ 1484ರ ತನಕ ಆ ಮಠದಲ್ಲಿ ಒಂದು ಮುದ್ರಣಾಲಯ ನಡೆಯಿತು. ಅದರ ಲೆಕ್ಕದ ಪುಸ್ತಕ ಇಂದಿಗೂ ಉಳಿದಿದೆ. ಕಾಗದಕ್ಕೆಷ್ಟು, ಲೋಹಕ್ಕೆಷ್ಟು ಎಂಬುದರ ಜೊತೆಯಲ್ಲಿಯೇ ಮೊಳೆ ಜೋಡಿಸಿದ ಸನ್ಯಾಸಿನಿಯರಿಗೆ ಸಂದ ಹಣದ ಲೆಕ್ಕವೂ ಅದರಲ್ಲಿದೆ. ಲುಯಿಜಿ ಪುಲ್ಚಿಯ ‘ಮೊರ್ಗಾಂತೆ’ ಎಂಬ ಕಾವ್ಯದ ಮೊಳೆಯನ್ನೂ ಇವರೇ ಜೋಡಿಸಿದರು. ರಾಕ್ಷಸಾಕಾರದವನೊಬ್ಬನ ಸಾಹಸ, ಹೊಟ್ಟೆಬಾಕತನ, ಪೋಲಿತನಗಳ ದೊಡ್ಡ ಹಾಸ್ಯಕಾವ್ಯ ಅದು. ಮಠದ ಮೌನದಲ್ಲಿ ಕೂತು ಅದನ್ನು ಅಕ್ಷರ ಅಕ್ಷರವಾಗಿ ಜೋಡಿಸುವಾಗ ಆ ಸಹೋದರಿಯರು ಎಷ್ಟು ಸಲ ನಕ್ಕರೋ! ನಮ್ಮಮ್ಮನೂ ಕೆಲವು ನಾಟಕ ಕಂಪನಿಯ ಕರಪತ್ರಗಳನ್ನು ಜೋಡಿಸುವಾಗ ಒಬ್ಬಳೇ ನಗುತ್ತಿದ್ದಳು.

ಈ ರಿಪೋಲಿ ಮುದ್ರಣಾಲಯದ ಹೆಸರು ವಿದ್ವಾಂಸರಿಗೆ ಗೊತ್ತಿಲ್ಲದ್ದೇನಲ್ಲ. ಮುದ್ರಣ ಎಷ್ಟು ದೊಡ್ಡ ಕ್ರಾಂತಿ ಎಂದು ತೋರಿಸಲು ಪುಸ್ತಕದಿಂದ ಪುಸ್ತಕಕ್ಕೆ ದಾಟುವ ಒಂದು ಲೆಕ್ಕವಿದೆ. ಫಿಚಿನೋ ಮಾಡಿದ ಪ್ಲೇಟೋವಿನ ಲ್ಯಾಟಿನ್ ಅನುವಾದವನ್ನು ನಕಲು ಮಾಡಲು ಲಿಪಿಕಾರನೊಬ್ಬ ಒಂದು ಕಟ್ಟಿಗೆ ಒಂದು ಫ್ಲಾರಿನ್ ಕೇಳುತ್ತಿದ್ದನಂತೆ. ರಿಪೋಲಿಯಲ್ಲಿ ಮೂರು ಫ್ಲಾರಿನ್. ಆದರೆ ಲಿಪಿಕಾರ ಕೊಡುವುದು ಒಂದು ಪ್ರತಿ, ರಿಪೋಲಿ ಕೊಟ್ಟದ್ದು 1,025 ಪ್ರತಿ. ಬಹಳ ಚೆಂದದ ಲೆಕ್ಕ. 1979ರಲ್ಲಿ ಎಲಿಜಬೆತ್ ಐಸೆನ್‌ಸ್ಟೈನ್ ಎಂಬ ದೊಡ್ಡ ಇತಿಹಾಸಕಾರ್ತಿ ತಮ್ಮ ಗ್ರಂಥದಲ್ಲಿ ಇದನ್ನು ಕೊಟ್ಟ ಮೇಲೆ ಅದು ಮನೆಮಾತಾಯಿತು. ಆದರೆ ಈ ಲೆಕ್ಕವನ್ನು ಎತ್ತಿ ಹೇಳುವವರು ಆ ಪ್ರೆಸ್ಸು ಇದ್ದದ್ದು ಹೆಂಗಸರ ಮಠದಲ್ಲಿ ಎಂಬುದನ್ನು ಎಷ್ಟೋ ಸಲ ಹೇಳುವುದೇ ಇಲ್ಲ. ಫ್ಲಾರಿನ್ ನೆನಪಿರುತ್ತದೆ, ಪ್ರತಿಗಳ ಸಂಖ್ಯೆ ನೆನಪಿರುತ್ತದೆ. ಲೆಕ್ಕದ ಪುಸ್ತಕ ಕಳೆದುಹೋಗಿದ್ದರೆ ಅದೊಂದು ಮಾತು. ಪುಸ್ತಕ ಕೈಯಲ್ಲಿಯೇ ಇದೆ.

ಇನ್ನು ‘ವಿಧವೆ’ಯರ ವಿಷಯಕ್ಕೆ ಬರುತ್ತೇನೆ. ಹದಿನಾರನೆಯ ಶತಮಾನದ ಪ್ಯಾರಿಸ್ಸಿನ ಪುಸ್ತಕಗಳ ಮುಖಪುಟದಲ್ಲಿ ಮುದ್ರಕರ ಹೆಸರಿನ ಜಾಗದಲ್ಲಿ ‘ಇಂಥವರ ವಿಧವೆ’ ಎಂದು ಮತ್ತೆ ಮತ್ತೆ ಕಾಣುತ್ತದೆ. ಆ ಕಾಲದ ಯೂರೋಪಿನ ಅನೇಕ ಪಟ್ಟಣಗಳಲ್ಲಿ ಕಸುಬಿನ ಕಟ್ಟುಪಾಡು ಹಾಗಿತ್ತು. ಗಂಡ ಬದುಕಿರುವಾಗ ಅಂಗಡಿ ಅವನ ಹೆಸರಿನಲ್ಲಿ. ಅವನು ಸತ್ತರೆ ಹೆಂಡತಿ ಅದನ್ನು ಮುಂದುವರಿಸಬಹುದು. ಅಂದರೆ ಹೆಂಗಸೊಬ್ಬಳು ತಾನು ಮುದ್ರಕಿ ಎಂದು ಲೋಕಕ್ಕೆ ಕಾಣಬೇಕಾದರೆ ಮೊದಲು ಗಂಡ ಸಾಯಬೇಕು! ನಮ್ಮಲ್ಲಿ ವಿಧವೆಯಾದವಳನ್ನು ಮೂಲೆಗೆ ಕೂರಿಸುತ್ತಿದ್ದರು, ಅಲ್ಲಿ ವಿಧವೆಯಾದ ಮೇಲೆ ಮುಖಪುಟಕ್ಕೆ ಬರುತ್ತಿದ್ದಳು. ಎರಡರಲ್ಲಿಯೂ ಅವಳಿಗೆ ಸಿಗುವ ಹೆಸರು ಗಂಡನದೇ.

ಇತಿಹಾಸ ಬರೆದವರು ಇದನ್ನು ಹೇಗೆ ಓದಿದರು ಗೊತ್ತೆ? ಗಂಡ ಹೋದ ಮೇಲೆ ಮಗ ಬೆಳೆಯುವ ತನಕವೋ ಮರುಮದುವೆಯಾಗುವ ತನಕವೋ ಪಾಪದ ಹೆಂಗಸು ಅಂಗಡಿಯ ಬಾಗಿಲು ತೆರೆದಿಟ್ಟುಕೊಂಡಿದ್ದಳು, ಅಷ್ಟೇ ಎಂದು. ಯಾರೋ ಎದ್ದು ಹೋದಾಗ ಬಸ್ಸಿನ ಸೀಟಿನ ಮೇಲೆ ಇಟ್ಟ ಕರ್ಚೀಫಿನ ಹಾಗೆ. ಈ ಓದಿಗೆ ಶಾರ್ಲೊತ್ ಗಿಯ್ಯಾರ್ ಎಂಬಾಕೆಯನ್ನು ಎದುರು ನಿಲ್ಲಿಸಬೇಕು. 1502ರಲ್ಲಿ ಆಕೆ ಮದುವೆಯಾದದ್ದು ಬರ್ತೋಲ್ಡ್ ರೆಂಬೋಲ್ಟ್ ಎಂಬ ಮುದ್ರಕನನ್ನು. ‘ಚಿನ್ನದ ಸೂರ್ಯ’ ಎಂಬ ಅವನ ಮುದ್ರಣಾಲಯ ಪ್ಯಾರಿಸ್ಸಿನ ಹಳೆಯ, ಹೆಸರಾಂತ ಮನೆಗಳಲ್ಲೊಂದು. ಅವನು ತೀರಿಕೊಂಡ. ಆಮೇಲೆ ಕ್ಲೋದ್ ಶೆವಲ್ಲೋನ್ ಎಂಬ ಪುಸ್ತಕ ವ್ಯಾಪಾರಿಯನ್ನು ಮದುವೆಯಾದಳು, 1537ರಲ್ಲಿ ಅವನೂ ತೀರಿಕೊಂಡ. ಅಲ್ಲಿಂದ 1557ರಲ್ಲಿ ತಾನು ಸಾಯುವ ತನಕ ಇಪ್ಪತ್ತು ವರ್ಷ ಆಕೆಯೇ ಒಡತಿ. ಸಂತ ಆಗಸ್ಟೀನ್, ಸಂತ ಜೆರೋಮ್ ಮೊದಲಾದ ಚರ್ಚಿನ ಹಿರಿಯರ ಕೃತಿಗಳನ್ನು, ದಪ್ಪ ದಪ್ಪ ಸಂಪುಟಗಳನ್ನು, ವಿದ್ವಾಂಸರನ್ನು ಕರೆಸಿ ಪಾಠ ತಿದ್ದಿಸಿ ಹೊರತಂದಳು. ಮೊದಲು ‘ಶೆವಲ್ಲೋನನ ವಿಧವೆ’ ಎಂದಿದ್ದ ಜಾಗಕ್ಕೆ ಆಮೇಲೆ ಲ್ಯಾಟಿನ್ನಿನಲ್ಲಿ ತನ್ನ ಸ್ವಂತ ಹೆಸರನ್ನು ತಂದಳು.

ಮದುವೆಯಾದ ವರ್ಷದಿಂದ ಸಾಯುವ ವರ್ಷದ ತನಕ ಲೆಕ್ಕ ಹಾಕಿ, ಐವತ್ತೈದು ವರ್ಷ ಆಕೆ ಆ ಮನೆಯಲ್ಲಿದ್ದಳು. ಇಬ್ಬರು ಗಂಡಂದಿರು ಬಂದು ಹೋದರು, ಅಂಗಡಿ ಮುಚ್ಚಲಿಲ್ಲ. ಹಾಗಾದರೆ ಆ ಮನೆಯಲ್ಲಿ ಕಾಯಂ ಯಾರು, ತಾತ್ಕಾಲಿಕ ಯಾರು? 1537ರಲ್ಲಿ ಗಂಡ ಸತ್ತ ಮರುದಿನ ಬೆಳಗ್ಗೆ ಆಕೆಗೆ ಇದ್ದಕ್ಕಿದ್ದಂತೆ ಕಾಗದದ ಬೆಲೆ, ಕೆಲಸಗಾರರ ಕೂಲಿ, ಯಾವ ಪುಸ್ತಕ ಎಷ್ಟು ಓಡುತ್ತದೆ ಎಂಬುದೆಲ್ಲ ಗೊತ್ತಾಗಿಬಿಟ್ಟಿತೇ? ಅದಕ್ಕೆ ಮುಂಚೆಯೂ ಆಕೆ ಇದನ್ನೇ ಮಾಡುತ್ತಿದ್ದಳು. ಆಗ ಅದರ ಹೆಸರು ‘ಸಹಾಯ’ ಎಂದಿತ್ತು.

ಅದೇ ಊರಿನಲ್ಲಿ, ಅದೇ ಕಾಲದಲ್ಲಿ, ಯೋಲಾಂದ್ ಬೊನೋಮ್ ಎಂಬ ಇನ್ನೊಬ್ಬಾಕೆ 1526ರಲ್ಲಿ ಬೈಬಲ್ ಮುದ್ರಿಸಿದಳು. ಬೈಬಲ್ ಮುದ್ರಿಸಿದ ಮೊದಲ ಮಹಿಳೆ ಎನ್ನುತ್ತಾರೆ. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಆನಾ ರ್‍ಯೂಗರ್ ಎಂಬಾಕೆ 1484ರಲ್ಲಿಯೇ ಒಂದು ದೊಡ್ಡ ಕಾನೂನು ಗ್ರಂಥಕ್ಕೆ ಮುದ್ರಕಿಯಾಗಿ ತನ್ನ ಹೆಸರು ಹಾಕಿದ್ದಳು. ಈ ‘ಮೊದಲ ಮಹಿಳೆ’ಗಳ ಪಟ್ಟಿ ನನಗೆ ಅಷ್ಟೇನೂ ಇಷ್ಟವಿಲ್ಲ. ಮಾರ್ಚ್ ಎಂಟನೇ ತಾರೀಖು ಹೊರತೆಗೆದು ಒಂಬತ್ತನೇ ತಾರೀಖು ಒಳಗಿಡುವ ಬೆಳ್ಳಿಯ ತಟ್ಟೆಯಂಥದ್ದು ಅದು. ಎಲ್ಲೋ ಒಬ್ಬಳು ಅಪವಾದ ಎಂದು ತೋರಿಸಿ ಉಳಿದವರನ್ನು ಮರೆಯುವುದಕ್ಕೂ ಅದು ಅನುಕೂಲ.

ಅಪವಾದವಾಗಿರಲು ಸಾಧ್ಯವೇ ಇರಲಿಲ್ಲ. ಯಾಕೆಂದರೆ ಆ ಕಾಲದ ಮುದ್ರಣಾಲಯವೆಂದರೆ ಒಂದು ಮನೆ. ಮನೆಯವರೂ ಕೆಲಸದವರೂ ಒಂದೇ ಸೂರಿನಡಿ. ಕಸುಬು ಕಲಿಯಲು ಬಂದ ಹುಡುಗರು ಯಜಮಾನನ ಮನೆಯಲ್ಲಿಯೇ ಉಳಿಯುತ್ತಿದ್ದರು, ಅವರ ಊಟ ಹಾಸಿಗೆ ಆ ಮನೆಯದೇ. ಮಕ್ಕಳು ಪ್ರೂಫು ಓದುತ್ತಿದ್ದರು. ಇದು ನನ್ನ ಊಹೆಯಲ್ಲ. ಆಂಟ್‌ವರ್ಪ್ ನಗರದ ಕ್ರಿಸ್ಟೊಫ್ ಪ್ಲಾಂಟಿನ್ ಆ ಶತಮಾನದ ಅತಿ ದೊಡ್ಡ ಮುದ್ರಕರಲ್ಲೊಬ್ಬ. 1568ರಿಂದ 1573ರ ನಡುವೆ ಐದು ಭಾಷೆಗಳಲ್ಲಿ, ಎಂಟು ಸಂಪುಟಗಳಲ್ಲಿ ಬೈಬಲ್ ಮುದ್ರಿಸಿದವನು. ಅವನಿಗೆ ಐದು ಜನ ಹೆಣ್ಣುಮಕ್ಕಳು. 1570ರಲ್ಲಿ ಸ್ಪೇನಿನ ದೊರೆಯ ಕಾರ್ಯದರ್ಶಿಗೆ ಬರೆದ ಕಾಗದದಲ್ಲಿ ಆತ ತನ್ನ ಹೆಣ್ಣುಮಕ್ಕಳ ಕೆಲಸವನ್ನು ವಿವರಿಸಿದ್ದಾನೆ. ಅಕ್ಷರ ಓದಲು ಬಂದ ಕೂಡಲೇ, ನಾಲ್ಕೈದು ವರ್ಷಕ್ಕೇ, ಅವರನ್ನು ಪ್ರೂಫಿಗೆ ಕೂರಿಸುತ್ತಿದ್ದ. ನಾಲ್ಕನೆಯವಳು ಮಗ್ದಲೇನಾ, ಆಗ ಹದಿಮೂರು ವರ್ಷದವಳು. ಈ ಮಹಾಗ್ರಂಥದ ಪ್ರೂಫುಗಳನ್ನು ಸಂಪಾದಕ ಆರಿಯಾಸ್ ಮೊಂತಾನೋವಿನ ಬಳಿಗೆ ಒಯ್ದು, ಹೀಬ್ರೂ, ಕಾಲ್ಡಿಯನ್, ಸಿರಿಯಾಕ್, ಗ್ರೀಕ್, ಲ್ಯಾಟಿನ್ ಮೂಲಗಳನ್ನು ಅವನೆದುರು ಗಟ್ಟಿಯಾಗಿ ಓದುವುದು ಅವಳ ಕೆಲಸ.

ಹದಿಮೂರು ವರ್ಷದ ಹುಡುಗಿ, ಐದು ಭಾಷೆ! ಅರ್ಥ ತಿಳಿದು ಓದುತ್ತಿದ್ದಳೇ ಎಂದು ಕೇಳುವವರಿದ್ದಾರೆ. ಅವಳಿಗೆ ಅರ್ಥ ಹೇಳಿಕೊಡುವ ಗೋಜಿಗೆ ಹೆಚ್ಚು ಯಾರೂ ಹೋದಂತಿಲ್ಲ, ಅಕ್ಷರ ತಪ್ಪದೆ ಓದಿದರೆ ಸಾಕಾಗಿತ್ತು. ನನಗೆ ಇದನ್ನು ಓದಿ ಹೆಮ್ಮೆಯಾದಷ್ಟೇ ಹೊಟ್ಟೆ ಉರಿಯಿತು. ಮೊಳೆ ಹಂಚಲು ಕೂತು ತೂಕಡಿಸುತ್ತಿದ್ದ ಮಧ್ಯಾಹ್ನಗಳು ನೆನಪಾದವು. ಆ ಬೈಬಲಿನ ಸಂಪುಟಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುವ ಪ್ಲಾಂಟಿನ್ನನ ಮನೆ ಈಗ ವಸ್ತುಸಂಗ್ರಹಾಲಯ, 2005ರಿಂದ ವಿಶ್ವ ಪರಂಪರೆಯ ತಾಣ. ಅದರ ಹೆಸರಿನಲ್ಲಿ ಪ್ಲಾಂಟಿನ್ ಇದ್ದಾನೆ, ಅಳಿಯ ಮೊರೆಟಸ್ ಇದ್ದಾನೆ. ಆ ಇಬ್ಬರನ್ನೂ ಕೂಡಿಸಿದ ಮಗಳು ಮಾರ್ಟಿನಾ ಹೆಸರಿನಲ್ಲಿಲ್ಲ. 1610ರಲ್ಲಿ ಗಂಡ ತೀರಿಕೊಂಡ ಮೇಲೆ ಗಂಡುಮಕ್ಕಳ ಜೊತೆ ಆ ಮನೆಯನ್ನು ನಡೆಸಿದವಳು ಅವಳು. ಮೈಂಟ್ಸಿನ ಕ್ರಿಸ್ಟೀನಾಳ ಹಾಗೆ ಇವಳೂ ನಡುವಿನ ಗಂಟಾಗಿಯೇ ಉಳಿದಳು.

ಸಮುದ್ರದಾಚೆ ಅಮೆರಿಕದಲ್ಲಾದರೂ ಬೇರೆಯೇನಾದರೂ ಆಯಿತೇ? 1638ರಲ್ಲಿ ಇಂಗ್ಲೆಂಡಿನಿಂದ ಹೊರಟ ಹಡಗಿನಲ್ಲಿ ಗ್ಲೋವರ್ ಎಂಬ ಪಾದ್ರಿ ಒಂದು ಅಚ್ಚಿನ ಯಂತ್ರ ಒಯ್ಯುತ್ತಿದ್ದ. ದಾರಿಯಲ್ಲಿಯೇ ಸತ್ತ. ಹೆಂಡತಿ ಎಲಿಜಬೆತ್ ಮಕ್ಕಳನ್ನೂ ಯಂತ್ರವನ್ನೂ ಇಳಿಸಿಕೊಂಡು ಮಸಾಚುಸೆಟ್ಸಿನ ಕೇಂಬ್ರಿಡ್ಜಿನಲ್ಲಿ ಅದನ್ನು ಹೂಡಿಸಿದಳು. ಇಂಗ್ಲಿಷರ ವಸಾಹತುಗಳಲ್ಲಿ ಅದು ಮೊದಲ ಮುದ್ರಣಾಲಯ. ಅದರಿಂದ 1640ರಲ್ಲಿ ಬಂದ ಕೀರ್ತನೆಗಳ ಪುಸ್ತಕದ ಪ್ರತಿಗಳು ಈಗ ಕೋಟಿಗಟ್ಟಲೆ ಬೆಲೆ ಬಾಳುತ್ತವೆ. ಮೊದಲ ಮುದ್ರಕ ಯಾರೆಂದು ಕೇಳಿದರೆ ಬಹಳ ಪುಸ್ತಕಗಳು ಸ್ಟೀಫನ್ ಡೇ ಎನ್ನುತ್ತವೆ. ಆತ ಬೀಗ ಮಾಡುವ ಕಸುಬಿನವನು, ಗ್ಲೋವರನ ಕರಾರಿನ ಮೇಲೆ ಜೊತೆಗೆ ಬಂದವನು. ಇಲ್ಲಿ ಮಾತ್ರ ಕೆಲಸ ಮಾಡಿದವರ ಹೆಸರು ಹೇಳಬೇಕು, ಯಂತ್ರದ ಒಡೆಯರದಲ್ಲ ಎಂಬ ನ್ಯಾಯ. ನಮ್ಮ ಊರಿನ ಸಂಚಿಕೆಯಲ್ಲಿ ಒಡೆಯರ ಹೆಸರು ಹೇಳಬೇಕು, ಕೆಲಸ ಮಾಡಿದವರದಲ್ಲ ಎಂಬ ನ್ಯಾಯ. ಎರಡೂ ನ್ಯಾಯಗಳಲ್ಲಿ ಬಿಟ್ಟುಹೋಗುವವರು ಮಾತ್ರ ಒಬ್ಬರೇ!

ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಸಹಿ ಮಾಡಿದವರ ಹೆಸರುಗಳ ಸಮೇತ ಅದನ್ನು ಮೊದಲು ಮುದ್ರಿಸಿದ್ದು 1777ರ ಜನವರಿಯಲ್ಲಿ, ಬಾಲ್ಟಿಮೋರಿನಲ್ಲಿ, ಮೇರಿ ಕ್ಯಾಥರಿನ್ ಗೊಡಾರ್ಡ್. ಯುದ್ಧ ನಡೆಯುತ್ತಿದ್ದ ಕಾಲ, ರಾಜದ್ರೋಹದ ಕಾಗದ ಅದು. ಸಾಮಾನ್ಯವಾಗಿ ‘ಎಂ. ಕೆ. ಗೊಡಾರ್ಡ್’ ಎಂದು ಹಾಕುತ್ತಿದ್ದಾಕೆ ಅದರ ಕೆಳಗೆ ಮಾತ್ರ ತನ್ನ ಪೂರ್ತಿ ಹೆಸರನ್ನು ಹಾಕಿದಳು. ಪತ್ರಿಕೆ ಶುರುಮಾಡಿದ್ದು ತಮ್ಮ, ವರ್ಷಗಟ್ಟಲೆ ನಡೆಸಿದ್ದು ಅಕ್ಕ, ಕೊನೆಗೆ ಹಿಂದಿರುಗಿ ವಹಿಸಿಕೊಂಡವನು ತಮ್ಮ. 1775ರಿಂದ ಆಕೆ ಊರಿನ ಪೋಸ್ಟ್‌ಮಾಸ್ತರಳೂ ಆಗಿದ್ದಳು. ಹೊಸ ಸರ್ಕಾರ 1789ರಲ್ಲಿ ಆಕೆಯನ್ನು ತೆಗೆದುಹಾಕಿತು. ಈ ಹುದ್ದೆಗೆ ಬಹಳ ತಿರುಗಾಟ ಬೇಕು, ಹೆಂಗಸಿನಿಂದಾಗದು ಎಂಬುದು ಕೊಟ್ಟ ಕಾರಣ. ಊರಿನ ಇನ್ನೂರಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು, ವಾಷಿಂಗ್ಟನ್ನಿಗೇ ಬರೆದದ್ದಾಯಿತು, ಪ್ರಯೋಜನವಾಗಲಿಲ್ಲ. ಮುದ್ರಣದ ಕೆಲಸದಲ್ಲಿ ಆಕೆ ಅನ್ಯಾಯ ಉಂಡವಳು. ಆದರೆ ಆಕೆಯ ಮನೆಯಲ್ಲಿ ಗುಲಾಮಳಾಗಿ ಬೆಲಿಂಡಾ ಎಂಬ ಹೆಂಗಸಿದ್ದಳು. 1816ರಲ್ಲಿ ಸಾಯುವಾಗ ಗೊಡಾರ್ಡ್ ಉಯಿಲಿನಲ್ಲಿ ಅವಳಿಗೆ ಬಿಡುಗಡೆ ಕೊಟ್ಟು ಆಸ್ತಿಯನ್ನೂ ಬರೆದಳು. ಹಾಗೆಂದು ಅಷ್ಟು ವರ್ಷ ಬೆಲಿಂಡಾ ಮಾಡಿದ್ದನ್ನು ‘ಸಹಾಯ’ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ನಮ್ಮ ಮನೆಯಲ್ಲಿಯೂ ಅಮ್ಮ ಕೇಸಿನ ಮುಂದೆ ನಿಂತಿದ್ದಾಗ ಪಾತ್ರೆ ತೊಳೆದು, ನನ್ನ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಒಬ್ಬಳಿದ್ದಳು. ಸಂಚಿಕೆಯಲ್ಲಿ ಹೇಗೂ ಇಲ್ಲ. ಇಷ್ಟು ಹೊತ್ತು ನನ್ನ ಈ ಬರಹದಲ್ಲಿಯೂ ಇರಲಿಲ್ಲ.

ಕನ್ನಡದ ಮಾತೆತ್ತಿದರೆ ನಾವು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸು, 1843ರ ‘ಮಂಗಳೂರ ಸಮಾಚಾರ’, ಮೋಗ್ಲಿಂಗ್, ಕಿಟೆಲ್ ಎಂದು ಗಡಗಡನೆ ಒಪ್ಪಿಸುತ್ತೇವೆ. ಒಪ್ಪಿಸಬೇಕಾದ್ದೇ. ಅದರ ಜೊತೆಗೆ 1913 ಎಂಬ ಇಸವಿಯನ್ನೂ ಕಲಿಸಬೇಕಾಗಿತ್ತು. ನಂಜನಗೂಡಿನ ತಿರುಮಲಾಂಬ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಶುರುಮಾಡಿದ ವರ್ಷ ಅದು. 1887ರಲ್ಲಿ ಹುಟ್ಟಿ, ಹತ್ತಿರ ಹತ್ತಿರ ಮಗುವಾಗಿರುವಾಗಲೇ ಮದುವೆಯಾಗಿ, ಹುಡುಗಿಯಾಗಿರುವಾಗಲೇ ವಿಧವೆಯಾದವರು. ಪ್ಯಾರಿಸ್ಸಿನ ವಿಧವೆಗೆ ಗಂಡನ ಅಂಗಡಿಯಾದರೂ ಇತ್ತು, ಇವರಿಗೆ ಏನಿತ್ತು? ತಾವೇ ಬರೆದರು, ತಾವೇ ಪ್ರಕಟಿಸಿದರು, ಬೇರೆಯವರ ಪುಸ್ತಕಗಳನ್ನೂ ತಂದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನು ಸಂಪಾದಿಸಿದರು. ಆಮೇಲೆ ಬಂದ ಆರ್. ಕಲ್ಯಾಣಮ್ಮ ‘ಸರಸ್ವತಿ’ಯನ್ನು ನಾಲ್ಕು ದಶಕ ಕೈಬಿಡದೆ ನಡೆಸಿದರು. ತಿರುಮಲಾಂಬ ಬದುಕಿದ್ದದ್ದು 1982ರ ತನಕ. ನಾನು ಹೈಸ್ಕೂಲಿನಲ್ಲಿ ಕನ್ನಡ ಪತ್ರಿಕೆಗಳ ಬೆಳವಣಿಗೆ ಎಂಬ ಪಾಠಕ್ಕೆ ಟಿಪ್ಪಣಿ ಬರೆಯುತ್ತಿದ್ದಾಗ ಅವರು ಜೀವಂತವಾಗಿದ್ದರು. ಮೇಷ್ಟ್ರು ಅವರ ಹೆಸರು ಹೇಳಲಿಲ್ಲ, ಪಠ್ಯದಲ್ಲಿ ಇದ್ದರಲ್ಲವೇ ಹೇಳುವುದು. ಚಿ. ನ. ಮಂಗಳಾ ಅವರಂಥ ಹೆಂಗಸರು ಎತ್ತಿ ತೋರಿಸುವ ತನಕ ಅವರು ಬರೀ ಹಳೆಯ ರದ್ದಿಯಲ್ಲಿದ್ದರು.

ಆ ಹಿರಿಯರು ಒಳ್ಳೆಯವರು ಎಂದೆನಲ್ಲ. ಎರಡು ತಿಂಗಳ ಮೇಲೆ ಅವರೇ ಫೋನು ಮಾಡಿದರು. “ಸಂಚಿಕೆಯ ಪ್ರತಿ ಎಲ್ಲಾ ಖರ್ಚಾಯ್ತು, ಮತ್ತೆ ಹಾಕಿಸ್ತಾ ಇದೀವಿ. ನಿಮ್ಮ ತಾಯಿಯವರ ವಿಷಯ ಎರಡು ಸಾಲು ಬರೆದುಕೊಡಮ್ಮ, ಸೇರಿಸೋಣ. ಎರಡೇ ಸಾಲು, ಜಾಗ ಇಲ್ಲ” ಎಂದರು. ಎರಡು ಸಾಲು ಬರೆಯಲು ನನಗೆ ಒಂದು ವಾರ ಹಿಡಿಯಿತು. ಕೊನೆಗೆ ಎಸ್ತೆಲ್ಲಿನಾಳನ್ನು ನೆನೆಸಿಕೊಂಡು ಬರೆದೆ. ಅಮ್ಮನ ಹೆಸರು, ಇಪ್ಪತ್ತೆರಡು ವರ್ಷ ಈ ಪ್ರೆಸ್ಸಿನ ಕಂಪೋಸಿಟರು, ಸಂಬಳವಿಲ್ಲ. ಎರಡನೆಯ ಸಾಲು: ಮುದ್ರಣದಲ್ಲಿ ಇವರಿಗೆ ಸಹಾಯ ಮಾಡಿದವರು ಇವರ ಯಜಮಾನರು.

ಕಳಿಸುವ ಮುಂಚೆ ಅಣ್ಣನಿಗೆ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. “ಏನೇ ಇದು, ಅಪ್ಪನ್ನ ಸಹಾಯಕ್ಕೆ ಇಟ್ಟುಕೊಂಡವರ ಹಾಗೆ ಮಾಡಿಬಿಟ್ಟೆಯಲ್ಲೇ” ಎಂದ. ನೊಂದುಕೊಂಡಿದ್ದ, ದನಿಯಲ್ಲೇ ಗೊತ್ತಾಗುತ್ತಿತ್ತು.

“ಬರೀ ಒಂದು ಸಾಲು, ಅಣ್ಣ” ಎಂದೆ.